ನಮ್ಮ ಟಾಕೀಸಿನ ಅದಲುಬದಲು ರೀಲುಗಳು

ಕಡಲಿಗೆ ಬೆನ್ನು ಹಾಕಿ ನಿಂತಿದ್ದ ನಮ್ಮೂರ ಟಾಕೀಸನ್ನು ಕಟ್ಟಿಸಿದವರು ನಮ್ಮಜ್ಜ. ಪರದೆಯ ಹಿಂದಿನ ಗೋಡೆಗೇ ಅಲೆ ಬಡಿಯುತ್ತಿದ್ದುದರಿಂದ ನಾಯಕಿ ಪಿಸುಗುಟ್ಟಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಮುಂದಿನ ಬೆಂಚಿನವರು ತಮಗೆ ತೋಚಿದ್ದನ್ನು ಹಿಂದಿನವರಿಗೆ ಹೇಳುತ್ತಿದ್ದರು. ಕೊನೆಯ ಸಾಲಿಗೆ ಮುಟ್ಟುವಷ್ಟರಲ್ಲಿ ಮಾತಿಗೆ ರೆಕ್ಕೆಪುಕ್ಕ ಹುಟ್ಟಿರುತ್ತಿತ್ತು. ನಾನಂತೂ ಹಿಂದೆಯೇ ಕೂರುತ್ತಿದ್ದೆ, ಅಲ್ಲಿ ಕಥೆ ಹೆಚ್ಚು ಚೆನ್ನಾಗಿರುತ್ತಿತ್ತು.

ಅಜ್ಜನ ಕಿರಿಮಗ, ನನ್ನ ಚಿಕ್ಕಪ್ಪ, ಅಲ್ಲಿ ಸಿನಿಮಾ ಓಡಿಸುವ ಆಪರೇಟರ್. ಬಂದರು, ಐಸ್ ಫ್ಯಾಕ್ಟರಿ, ಎಲ್ಲೂ ನೆಲೆ ನಿಲ್ಲದೆ ಬಂದವನು. "ಇದೇ ಕೊನೆ. ಇಲ್ಲೂ ಎಡವಟ್ಟು ಮಾಡ್ಕೊಂಡ್ರೆ ಮನೆ ಕಡೆ ತಲೆ ಹಾಕ್ಬೇಡ" ಎಂದು ಅಜ್ಜ ಹೇಳಿದ್ದರು. ಅಜ್ಜ ಆಡಿದರೆ ಆಡಿದ್ದೇ.

ಎಡವಟ್ಟಾಯಿತು. ಲಾಂಚಿನಿಂದ ಇಳಿಸುವಾಗ ಅವನ ಕೈಜಾರಿ ರೀಲಿನ ಪೆಟ್ಟಿಗೆ ನೀರಿಗೆ ಬಿತ್ತು. ಡಬ್ಬಿಗಳೊಳಗೆ ನೀರು ಹೋಗಲಿಲ್ಲ, ಆದರೆ ಮೇಲೆ ಅಂಟಿಸಿದ್ದ ನಂಬರಿನ ಚೀಟಿಗಳೆಲ್ಲ ಕಿತ್ತುಹೋದವು. ಚಿಕ್ಕಪ್ಪ ಯಾರಿಗೂ ಬಾಯಿಬಿಡದೆ ಅಂದಾಜಿನ ಮೇಲೆ ರೀಲು ಜೋಡಿಸಿದ. ಸಿನಿಮಾದ ನಡುವೆಯೇ ದೋಣಿ ಮುಳುಗಿ ನಾಯಕ ಸತ್ತ. ಕೊನೆಯ ರೀಲಿನಲ್ಲಿ ಮದುವೆಯಾಗಿ, ಮನೆಯಲ್ಲಿ ಕೂತು ನಗುತ್ತಾ ಊಟ ಮಾಡಿದ. ಬೇರೆ ಊರಾಗಿದ್ದರೆ ಕುರ್ಚಿ ಮುರಿಯುತ್ತಿದ್ದರು.

"ದೋಣಿ ಮುಳುಗಿದ್ರೇನಂತೆ, ಈಜ್ಕೊಂಡು ಬಂದಿರ್ತಾನೆ. ಅದನ್ನೂ ಬಿಡಿಸಿ ತೋರಿಸ್ಬೇಕಾ?" ಎಂದ ಮೀನು ಮಾರುವವನು. ಊರೆಲ್ಲ ಹೌದೆಂದು ತಲೆಯಾಡಿಸಿತು.

ಬಲೆ ಹೆಣೆಯುವ ಅಕ್ಕ ಮಾತ್ರ ದಿನಾ ಬರತೊಡಗಿದಳು. ಅವಳ ಗಂಡ ಕಡಲಿಗೆ ಹೋದವನು ಹಿಂದಿರುಗಿರಲಿಲ್ಲ. ಊರವರು ಅವನ ಮಾತೆತ್ತುವುದನ್ನೇ ಬಿಟ್ಟಿದ್ದರು. ಕೊನೆಯ ರೀಲು ಬಂದಾಗ ಅವಳು ಬಾಯ್ತುಂಬ ನಗುತ್ತಿದ್ದಳು.

ಅಷ್ಟರಲ್ಲಿ ಸಿನಿಮಾ ಕಂಪನಿಯವನೊಬ್ಬ ಬಂದು ಆಟ ನೋಡಿದ. "ಸತ್ತವನಿಗೆ ಮದುವೆ ಮಾಡ್ಸಿದ್ದೀರಲ್ರೀ!" ಎಂದು ಕೂಗಾಡಿದ. ನಾಲ್ಕು ಜನರ ಮುಂದೆ ಮರ್ಯಾದೆ ಹೋಗಿತ್ತು. ಅಜ್ಜ ಮಗನ ಕಡೆ ತಿರುಗಿ "ಗಂಟು ಕಟ್ಟು" ಎಂದರು, ಅಷ್ಟೇ.

ಮರುದಿನ ಕಂಪನಿಯವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಜ್ಜನೇ ಸಿನಿಮಾ ಓಡಿಸಿದರು, ಸರಿಯಾದ ಕ್ರಮದಲ್ಲಿ. ಮದುವೆ, ಊಟ ನಡುವೆಯೇ ಮುಗಿದವು. ಕೊನೆಗೆ ದೋಣಿ ಮುಳುಗಿತು. ದೀಪ ಹತ್ತಿತು. ಆದರೆ ಒಬ್ಬರೂ ಬೆಂಚು ಬಿಟ್ಟು ಏಳಲಿಲ್ಲ.

ಬಲೆ ಹೆಣೆಯುವ ಅಕ್ಕ ಕ್ಯಾಬಿನ್ನಿನ ಕಿಂಡಿಯ ಕಡೆ ತಿರುಗಿದಳು. "ಯಜಮಾನ್ರೇ, ಅವನಿನ್ನೂ ಬಂದಿಲ್ಲ."

"ಕಥೆ ಇರೋದೇ ಹೀಗಮ್ಮಾ" ಎಂದ ಕಂಪನಿಯವನು. ಅವಳು ಅವನ ಕಡೆ ನೋಡಲೂ ಇಲ್ಲ.

ಅಜ್ಜ ಯಂತ್ರ ಬಿಟ್ಟು ಎದ್ದರು. ಆಮೇಲೆ ಮೆಟ್ಟಿಲಿಳಿದು ಬಾಗಿಲಿಗೆ ಬಂದರು. ಚಿಕ್ಕಪ್ಪ ಗಂಟು ಹಿಡಿದು ಅಲ್ಲೇ ನಿಂತಿದ್ದ.

"ಹೋಗೋ, ಅವನನ್ನ ಮನೆಗೆ ಕರ್ಕೊಂಡು ಬಾ" ಎಂದರು ಅಜ್ಜ.

ಚಿಕ್ಕಪ್ಪ ಗಂಟನ್ನು ಕೆಳಗಿಟ್ಟು, ಮದುವೆ-ಊಟದ ರೀಲು ಹಾಕಲು ಮೇಲೆ ಓಡಿದ. ಅಜ್ಜ ದೀಪ ಆರಿಸಿ, ಒಳಗೆ ಬಂದು, ಅಕ್ಕನ ಪಕ್ಕದ ಬೆಂಚಿನಲ್ಲಿ ಕೂತರು.