ಮೆಣಸಿನಕಾಯಿ ಲಾರಿಯ ತಾಡಪತ್ರಿ

ನಾನು ಒಂದು ತಾಡಪತ್ರಿ. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಮೈಗೆ ಮೇಣ ಬಳಿಸಿಕೊಂಡು, ಅಂಚಿಗೆಲ್ಲ ಹಗ್ಗ ಪೋಣಿಸುವ ಹಿತ್ತಾಳೆಯ ಕಣ್ಣು ಹೊಡೆಸಿಕೊಂಡು ಹೊರಬಂದಾಗ ನನ್ನ ಜಂಬಕ್ಕೆ ಮಿತಿಯೇ ಇರಲಿಲ್ಲ. ಲಾರಿ ಓಡಿಸುವ ಮೌಲಾಸಾಬ ನನ್ನನ್ನು ಕೊಂಡ. ಬ್ಯಾಡಗಿಯ ವ್ಯಾಪಾರಿ ನೀಲವ್ವನ ಒಣಮೆಣಸಿನಕಾಯಿಯನ್ನು ಘಟ್ಟ ಇಳಿಸಿ ಮಂಗಳೂರಿನ ಮಸಾಲೆ ಕಾರ್ಖಾನೆಗೆ ಮುಟ್ಟಿಸುವುದು ನಮ್ಮ ಕೆಲಸ.

ಚೀಲಕ್ಕೆ ತುಂಬುವ ಮುಂಚೆ ಕಾಯಿಗೆ ನೀರು ಚಿಮುಕಿಸುವುದು ನೀಲವ್ವನ ಮನೆಯ ರೂಢಿ. ಕಾಯಿ ಮೆತ್ತಗಾಗಿ, ತುಳಿದು ತುಂಬಿದರೂ ಮುರಿಯುವುದಿಲ್ಲ. ಸಂಜೆ ಹೊರಟು ಬೆಳಗ್ಗೆ ಮುಟ್ಟುತ್ತಿದ್ದ ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಒಂದು ವರ್ಷ ಮಳೆಗಾಲ ಮುಗಿಯಿತು ಅಂದುಕೊಂಡ ಮೇಲೆ ಹುಚ್ಚುಮಳೆ ಹೊಡೆಯಿತು. ಗುಡ್ಡ ಕುಸಿದು ನಮ್ಮ ಲಾರಿ ಘಟ್ಟದಲ್ಲೇ ದಿನಗಟ್ಟಲೆ ನಿಂತಿತು. ನಾನು ಹಲ್ಲು ಕಚ್ಚಿ ಮಳೆ ತಡೆದೆ. ಆದರೆ ಕಾಯಿಗೆ ಚಿಮುಕಿಸಿದ್ದ ನೀರು ಬೆವರಾಗಿ ನನ್ನ ಒಳಮೈಗೆ ಹತ್ತಿ, ಮತ್ತೆ ಚೀಲಗಳ ಮೇಲೆಯೇ ತೊಟ್ಟಿಕ್ಕಿತು. ಮಂಗಳೂರಿನಲ್ಲಿ ನನ್ನನ್ನು ಸರಿಸಿದರೆ ಬೂಷ್ಟಿನ ನಾತ! ಕಾರ್ಖಾನೆಯವರು ಇಡೀ ಲೋಡು ವಾಪಸು ಕಳಿಸಿದರು. ಇನ್ನೊಮ್ಮೆ ಹೀಗಾದರೆ ಬೇರೆ ಊರಿಂದ ತರಿಸುತ್ತೇವೆ ಎಂದರು. ನನಗೆ ನಾಚಿಕೆಯಿಂದ ಮುದುಡಿಹೋಗುವಂತಾಯಿತು.

ನೀಲವ್ವನ ಅಂಗಳದಲ್ಲಿ ತೊಟ್ಟು ಬಿಡಿಸುವ ಹೆಂಗಸರ ಹೊಟ್ಟೆಪಾಡು ಆ ಕಾರ್ಖಾನೆಯನ್ನೇ ನಂಬಿತ್ತು. ನೀಲವ್ವ ಉಣ್ಣುವುದು ಬಿಟ್ಟು ಆಕಾಶ ನೋಡತೊಡಗಿದಳು. ಕಡೆಗೊಮ್ಮೆ ಹೇಳಿಯೇಬಿಟ್ಟಳು:

"ಇನ್ಮ್ಯಾಲೆ ನೀರು ಹೊಡಿಯೂದು ಬಂದ್. ಅರ್ಧಾ ಮಾಲು ಮಳಿಗಿಂತ ಮೊದ್ಲ, ಬ್ಯಾಸಗ್ಯಾಗ, ಮಂಗ್ಳೂರಿನ ಕೋಲ್ಡ್ ಸ್ಟೋರೇಜಿಗೆ ಹೋಗಿ ಕುಂದರ್ಲಿ."

"ಕಾಯಿ ಮುರೀತಾವ್ರೀ ಅಕ್ಕಾರ" ಎಂದ ಮೌಲಾಸಾಬ.

"ಮುರದದ್ದನ್ನ ಪುಡಿ ಮಾಡ್ತಾರಪ್ಪಾ. ಬೂಷ್ಟು ಹಿಡದದ್ದನ್ನ ಏನ್ ಮಾಡ್ತಾರ?"

ಅವನು ಎದ್ದು ಖಾಲಿ ಚೀಲಗಳನ್ನು ಝಾಡಿಸತೊಡಗಿದ.

ಈಗ ನನ್ನ ಮೈತುಂಬ ತೂತು. ಹೆಂಗಸರು ಕೂರುವ ಜಾಗಕ್ಕೆ ನನ್ನನ್ನು ನೆರಳಿಗೆ ಕಟ್ಟಿದ್ದಾರೆ. ಈಚೆಗೆ ಘಟ್ಟ ಮತ್ತೆ ಕುಸಿಯಿತು. ಮಂಗಳೂರಿನ ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮಾಲಿನಿಂದ ಕಾರ್ಖಾನೆ ನಡೆಯುತ್ತಿದೆ ಎಂದು ಫೋನು ಬಂದಾಗ ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು. ಆದರೆ ದಿನ ಕಳೆದಂತೆ ಅದೂ ಮುಗಿಯುತ್ತ ಬಂತು, ದಾರಿ ಮಾತ್ರ ತೆರೆಯಲಿಲ್ಲ.

"ಬ್ಯಾರೆ ಘಟ್ಟದ ಮ್ಯಾಲೆ ಹೋಗ್ತೀಯೇನಪ್ಪಾ?" ನೀಲವ್ವ ಕೇಳಿದಳು.

"ಸುತ್ತಾಗ್ತೈತ್ರೀ. ಅಲ್ಲೂ ಮಳಿ ಐತಂತ."

"ನೋಡ್ಕೊಂಡು ಹೋಗು."

ಹೊಸ ತಾಡಪತ್ರಿ ಹೊದೆಸಿಕೊಂಡು ಲಾರಿ ನಿನ್ನೆ ಹೊರಟಿತು. ನಾನು ಮುದುಕಿ, ಹೆದರುವುದು ಬಿಟ್ಟು ಇನ್ನೇನು ಮಾಡಲಿ? ಒಂದೇ ದಾರಿ ನಂಬಿ ನಿಶ್ಚಿಂತೆಯಾಗಿದ್ದೆವಲ್ಲ, ಅದೆಂಥ ಹುಚ್ಚು ಎಂದು ಈಗ ಅನ್ನಿಸುತ್ತದೆ. ಲಾರಿ ಮಂಗಳೂರು ಮುಟ್ಟಿತು ಎಂಬ ಫೋನು ಇನ್ನೂ ಬಂದಿಲ್ಲ. ನನ್ನ ಕೆಳಗೆ ಹೆಂಗಸರು ತೊಟ್ಟು ಬಿಡಿಸುತ್ತಲೇ ಇದ್ದಾರೆ.