ಮುಂದಿನ ಬ್ರೇಕು

ವರ್ಲಿನ್ ಹಕಬಿಗೆ ಎಂಬತ್ತನಾಲ್ಕು ವರ್ಷ. ಬೇಕರ್ಸ್‌ಫೀಲ್ಡಿನ ತನ್ನ ಅಡುಗೆಮನೆಯ ಮೇಜಿನ ಮೇಲೆ ಆತ ಮೂರು ತಿಂಗಳಿಂದ ಒಂದೇ ಕಾರು ಕಟ್ಟುತ್ತಿದ್ದ. ತಾನೂ ಅಣ್ಣ ಆರ್ಲೋನೂ ೧೯೫೧ರಲ್ಲಿ ರೇಸಿಗೆಂದು ಕಟ್ಟಿದ್ದ ೧೯೩೨ರ ಮಾದರಿಯ ಫೋರ್ಡು, ಈಗ ಅಂಗೈಯುದ್ದದ ಪ್ಲಾಸ್ಟಿಕ್ಕಿನಲ್ಲಿ.

ಆಟಿಕೆ ಕಾರಿನ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಬಂದಿದ್ದ, ಮುಂದಿನ ಚಕ್ರಗಳ ದುಂಡು ಆಕ್ಸಲ್ಲನ್ನೂ ಡಿಸ್ಕ್ ಬ್ರೇಕುಗಳನ್ನೂ ಮೊದಲ ದಿನವೇ ಬಿಸಾಡಿದ್ದ. ಅವು ಆಮೇಲಿನ ಕಾಲದವು. ಅವರ ಕಾರಿಗಿದ್ದದ್ದು ಫೋರ್ಡಿನದೇ ಹಳೆಯ ಆಕ್ಸಲ್ಲು. ಕಾರಿನ ಮೂತಿ ತಗ್ಗಲೆಂದು ಆರ್ಲೋ ಅದರ ತುದಿಗಳನ್ನು ಕಾಯಿಸಿ ಎಳೆದಿದ್ದ. ಬ್ರೇಕು ೧೯೪೦ರ ಫೋರ್ಡಿನಿಂದ ಬಿಚ್ಚಿ ತಂದ ಡ್ರಮ್ಮಿನವು. ವರ್ಲಿನ್ ಅದನ್ನೆಲ್ಲ ಅರದಿಂದ ಉಜ್ಜಿ ಉಜ್ಜಿ ಮಾಡಿದ. ಕೈ ನಡುಗಿ ಆರು ಆಕ್ಸಲ್ಲು ಮುರಿದವು, ಏಳನೆಯದು ಉಳಿಯಿತು. ಇನ್ನು ಬಾಕಿ ಇದ್ದದ್ದು ಬ್ರೇಕಿನ ಎಣ್ಣೆ ಹೋಗುವ ಪೈಪು. ಅದು ಆಕ್ಸಲ್ಲಿನ ಹಿಂದಿನಿಂದ ಬರುತ್ತಿತ್ತೋ ಮುಂದಿನಿಂದಲೋ, ಯಾವ ಫೋಟೋದಲ್ಲೂ ಕಾಣಲಿಲ್ಲ. ಬ್ರೇಕಿನ ಕೆಲಸ ಮಾಡಿದವನು ಆರ್ಲೋ. ಕೇಳಲು ವರ್ಲಿನ್ ಪುಟ್ಟ ಕಾರನ್ನು ಎತ್ತಿಕೊಂಡು ಅಣ್ಣನಿದ್ದ ಟಾಫ್ಟ್ ಊರಿಗೆ ಹೋದ.

"ಏನೋ ಕುಂಟ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಬಂದ್ಬಿಟ್ಟೆ?" ಎಂದ ಆರ್ಲೋ. ಎರಡು ತಟ್ಟೆಗೆ ಬೀನ್ಸು ಬಡಿಸಿ, ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದ. "ಈ ಆಕ್ಸಲ್ಲು ನಾನು ಎಳೆದಿದ್ದಕ್ಕಿಂತ ನೆಟ್ಟಗಿದೆ."

"ನಿಂದು ಬಾಳೆಹಣ್ಣಿನ ಹಾಗಿತ್ತು ಬಿಡು. ಪೈಪು ಎಲ್ಲಿಂದ ಬರ್ತಿತ್ತು, ಹೇಳು."

ಆರ್ಲೋ ಕಾರನ್ನು ಮೇಜಿನ ಮೇಲಿಟ್ಟ.

"ಪೈಪು ಇರ್ಲಿಲ್ಲ."

"ಅಂದ್ರೆ?"

"ಆ ಕೊನೇ ರೇಸಿನ ಹಿಂದಿನ ದಿನ ಮುಂದಿನ ಬ್ರೇಕು ಬಿಚ್ಚಿಹಾಕಿದೆ. ತೂಕ ಕಮ್ಮಿ ಆಗ್ಲಿ ಅಂತ. ಆಗ ಸುಮಾರು ಜನ ಬಿಚ್ಚೋರು. ಹೊರಗೆ ಡ್ರಮ್ಮು ಹಂಗೇ ಇತ್ತು, ಒಳಗೆ ಖಾಲಿ. ಬೆಳಿಗ್ಗೆ ನಿಂಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನಿನ್ನ ಹೆಸರು ಕೂಗಿದ್ರು."

ಒಣಕೆರೆಯ ಬಯಲಿನಲ್ಲಿ ಅಂದು ಕೊನೆಯ ಗೆರೆ ದಾಟಿದ ಮೇಲೆ ಎದುರಿಗೊಂದು ಟ್ರಕ್ಕು ನಿಂತಿತ್ತು. ವರ್ಲಿನ್ ಪೆಡಲ್ ಒತ್ತಿದ್ದ, ಕಾರು ನಿಲ್ಲಲಿಲ್ಲ. ಕಾಲು ಮುರಿಯಿತು, ಕಾರು ಗುಜರಿಗೆ ಹೋಯಿತು. ತಾನು ತಡವಾಗಿ ಒತ್ತಿದೆನೆಂದೇ ಅರವತ್ತೈದು ವರ್ಷ ನಂಬಿದ್ದ. ಮತ್ತೆ ರೇಸಿಗೆ ಹೋಗಲೇ ಇಲ್ಲ.

"ಅಪ್ಪ ಸಾಯೋತನಕ ನನ್ನ ತೂಕಡಿಕೆ ಗಿರಾಕಿ ಅಂತಿದ್ದ."

"ಕೇಳಿಸ್ಕೊಂಡಿದೀನಿ."

"ಆದ್ರೂ ನೀನು ಸುಮ್ನಿದ್ದೆ."

"ಸುಮ್ನಿದ್ದೆ," ಎಂದ ಆರ್ಲೋ.

ವರ್ಲಿನ್ ಸಿಟ್ಟು ಬರುತ್ತದೆಂದು ಕಾದ. ಬರಲಿಲ್ಲ. ಮೈಯೆಲ್ಲ ಸೋತಂತಾಗಿ, ಕೂತಲ್ಲೇ ಮಲಗಿಬಿಡೋಣ ಅನ್ನಿಸಿತು.

"ಹಿಂದಿನ ಬ್ರೇಕಾದ್ರೂ ಇತ್ತಾ?"

"ಇತ್ತು. ಅಮ್ಮನ ಆಣೆ."

"ಕಾಫಿ ಇದ್ರೆ ಕೊಡು. ನಲವತ್ತು ಮೈಲಿ ಡ್ರೈವ್ ಮಾಡ್ಬೇಕು."

ಆರ್ಲೋ ಕಾಫಿ ಕೊಟ್ಟ. ತಟ್ಟೆಗೆ ಅರ್ಧ ಚೆಲ್ಲಿತು. ಇಬ್ಬರೂ ಅದನ್ನು ಒರೆಸಲಿಲ್ಲ.

ಮನೆಗೆ ಬಂದು ವರ್ಲಿನ್ ಪೈಪಿಗೆಂದು ಕತ್ತರಿಸಿಟ್ಟಿದ್ದ ಎರಡು ಎಳೆ ತಂತಿಯನ್ನು ಕಸದ ಬುಟ್ಟಿಗೆ ಹಾಕಿದ. ಡ್ರಮ್ಮಿನ ಬೆನ್ನಿಗೆ ಕೊರೆದಿದ್ದ ತೂತುಗಳಿಗೆ ಪುಟ್ಟಿ ಮೆತ್ತಿದ. ಅದು ಒಣಗುವ ಮೊದಲೇ ಫೋನು ಬಂತು.

"ಮುಟ್ಟಿದ್ಯಾ?"

"ಹೂಂ."

"ವರ್ಲಿನ್, ನಾನು..."

"ಇವತ್ತು ಬೇಡ, ಆರ್ಲೋ. ಸಾಕಾಗಿದೆ. ಭಾನುವಾರ ಮಾಡು."

ಭಾನುವಾರ ಆರ್ಲೋ ಫೋನು ಮಾಡಿದ. ವರ್ಲಿನ್ ಎತ್ತಿಕೊಂಡ. ಬಿಸಿಲಿನ ವಿಷಯ, ಆರ್ಲೋನ ಮಂಡಿನೋವಿನ ವಿಷಯ ಮಾತಾಡಿದರು. ಬ್ರೇಕಿನ ಮಾತು ಯಾರೂ ಎತ್ತಲಿಲ್ಲ. ಫೋನಿಡುವ ಮುಂಚೆ ವರ್ಲಿನ್, "ಮುಂದಿನ ವಾರ ಬರ್ತೀನಿ, ಬೀನ್ಸಿಗೆ ಉಪ್ಪು ಸರಿಯಾಗಿ ಹಾಕು," ಎಂದ.