ಕಾಡುಮಲ್ಲಿಗೆಗೆ ಕತ್ತರಿ

ಮಾಲಿಯ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಡುಗೆಮನೆಯ ಕಿಟಕಿಯ ಕೆಳಗೆ ಅವಳು ನೆಟ್ಟಿದ್ದ ಕಾಡುಮಲ್ಲಿಗೆಯ ಪೊದೆ ಅಂದಿನಿಂದ ಒಂದು ಹೂವನ್ನೂ ಬಿಟ್ಟಿರಲಿಲ್ಲ. ಊರಿನ ಉದ್ಯಾನದಲ್ಲಿ ಮೂವತ್ತು ವರ್ಷ ಗಿಡ ಸವರಿದ ಕೈ ಅವನದು. ಆದರೆ ಅವಳು ಮುಟ್ಟಿದ ಕೊಂಬೆಗಳಿಗೆ ಕತ್ತರಿ ಹಾಕಲು ಮನಸ್ಸು ಒಪ್ಪಿರಲಿಲ್ಲ. ಗಿಡವೂ ತನ್ನಂತೆಯೇ ದುಃಖದಲ್ಲಿದೆ ಎಂದು ನಂಬಿ, ದಿನವೂ ಅದರ ಪರವಾಗಿ ದೇವರಲ್ಲಿ ಬೇಡಿಕೊಳ್ಳುತ್ತಿದ್ದ.

ಅವನನ್ನು ನೋಡಲು ಬಂದ ನಾದಿನಿ ಪೊದೆಗೆ ಒಂದು ಸುತ್ತು ಹಾಕಿದಳು.

“ಏನು ಭಾವ, ಗಿಡ ಬೆಳೆಸ್ತಿದೀರೋ ಜಡೆ ಬೆಳೆಸ್ತಿದೀರೋ? ಹಳೇ ಕೊಂಬೆ ಸವರದೆ ಹೊಸ ಚಿಗುರು ಎಲ್ಲಿಂದ ಬರ್ಬೇಕು? ಚಿಗುರಿಲ್ಲದೆ ಹೂವೆಲ್ಲಿಂದ?”

“ನನಗೇ ಪಾಠ ಹೇಳ್ತೀಯೇನಮ್ಮ?”

“ಗೊತ್ತಿದ್ದೂ ಸುಮ್ಮನಿದೀರಲ್ಲ, ಅದಕ್ಕೇ ಹೇಳ್ತಿರೋದು. ಅಕ್ಕ ನೋಡಿದ್ರೆ ಗಿಡದ ಜೊತೆ ನಿಮ್ಮ ಕಿವೀನೂ ಸವರಿರೋಳು.”

ಅವನಿಗೆ ನಗು ಬಂತು. ಅದರ ಹಿಂದೆಯೇ ಕಣ್ಣೂ ತುಂಬಿತು. ಒಳಗಿನಿಂದ ಕತ್ತರಿ ತಂದು, ‘ದೇವರೇ, ಕತ್ತರಿ ಹಾಕೋ ಮನಸ್ಸು ಕೊಡು’ ಎಂದುಕೊಂಡು ಪೊದೆಯ ಬುಡದಲ್ಲಿ ಕುಳಿತ. ನಾದಿನಿ ಮೊದಲ ಕೊಂಬೆಯನ್ನು ಬಾಗಿಸಿ ಹಿಡಿದಳು. ಅದು ಒಣಗಿದ್ದರೆ ಕತ್ತರಿಸಲು ಮನಸ್ಸಿಗೆ ಸುಲಭವಾಗುತ್ತಿತ್ತು, ಆದರೆ ಹಸಿಯಾಗಿಯೇ ಇತ್ತು. ಚಿಗುರೊಡೆಯುವ ಗೆಣ್ಣು ನೋಡಿ, ಅದಕ್ಕಿಂತ ತುಸು ಮೇಲೆ ಕತ್ತರಿಸಿದ. ತುಂಡಾದ ಕೊಂಬೆಯನ್ನು ಪಕ್ಕಕ್ಕಿಟ್ಟು,

“ಇನ್ನೊಂದು ಹಿಡಿಯಮ್ಮ,” ಎಂದ.